ಅನಂತ್ ನಾಗ್ ಹಣೆ ಕತ್ತರಿಸುವ ಆ್ಯಪ್‌ಗೆ ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ನಾನು ಅನಂತ್ ನಾಗ್ ಹುಚ್ಚ. ವರ್ಷಕ್ಕೆ 499 ರೂಪಾಯಿ ಕೊಟ್ಟು ಈ ಸಿನಿಮಾ ಆ್ಯಪ್ ಹಾಕಿಸಿಕೊಂಡಿದ್ದೇ ಅವರ ಹಳೆ ಸಿನಿಮಾಗಳಿಗಾಗಿ. ಆ್ಯಪ್ ಹೆಸರು ಹೇಳಲ್ಲ. ಚಂದಾ ಮುಗಿಯಲು ಇನ್ನೂ ಎರಡು ತಿಂಗಳಿದೆ, ಸುಮ್ನೆ ಜಗಳ ಬೇಡ.

ಹುಡುಕುವುದೇ ಒಂದು ಸಾಹಸ. ಕನ್ನಡದಲ್ಲಿ 'ಅನಂತ್ ನಾಗ್' ಅಂತ ಬರೆದರೆ ನಾಲ್ಕು ಸಿನಿಮಾ ಬರುತ್ತೆ, ಜಾಗ ಬಿಡದೆ 'ಅನಂತನಾಗ್' ಅಂದರೆ ಬೇರೆ ಆರು, ಅದರಲ್ಲಿ ಎರಡು ಶಂಕರ್ ನಾಗ್ ಸಿನಿಮಾ. ತಮ್ಮನೇ ತಾನೇ, ಬರಲಿ ಬಿಡಿ.

ಸಿಟ್ಟು ಬಂದಿದ್ದು ಚಿತ್ರ ಶುರುವಾದ ಮೇಲೆ. ಹಳೆ ಟಿವಿ ಅಳತೆಯ 4:3 ಕಾಪಿಯನ್ನು ಇವರು ಈಗಿನ 16:9 ಪರದೆಗೆ ತುಂಬಿಸಿದ್ದಾರೆ. ಹೇಗೆ ಅಂದರೆ, ಮೇಲೆ ಕೆಳಗೆ ಕತ್ತರಿಸಿ. ಲೆಕ್ಕ ಹಾಕಿ ನೋಡಿ, ಎತ್ತರದಲ್ಲಿ ಸರಿಯಾಗಿ ಕಾಲು ಭಾಗ ಮಾಯ. ಹೊಡೆದಾಟದ ಹೀರೋ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ, ಆದರೆ ಈ ಮನುಷ್ಯ ನಟಿಸುವುದೇ ಹುಬ್ಬಲ್ಲಿ, ಬೆರಳಲ್ಲಿ, ಮಾತಿಗೆ ಮೊದಲು ತಡೆಯುವ ಒಂದು ಕ್ಷಣದಲ್ಲಿ! 'ಬೆಳದಿಂಗಳ ಬಾಲೆ'ಯಲ್ಲಿ ಅವರು ಚೆಸ್ ಆಟಗಾರ ರೇವಂತ್. ಅರ್ಧ ಸಿನಿಮಾ ಕಿವಿಗೆ ಫೋನ್ ಇಟ್ಟುಕೊಂಡು ಕೇಳುವುದೇ ಕೆಲಸ, ಆ ಕಡೆಯ ಹುಡುಗಿಯ ಮುಖ ನಮಗೆ ಕಾಣುವುದೇ ಇಲ್ಲ, ಹಾಗಾಗಿ ನೋಡೋಕೆ ಇರುವುದು ಇವರ ಮುಖ ಒಂದೇ. ಅದಕ್ಕೂ ಹಣೆ ಇಲ್ಲ ಅಂದರೆ?

'ಗಣೇಶನ ಮದುವೆ' ಕಥೆ ಬೇರೆ ಥರ. ಅದರಲ್ಲಿ ಚಿತ್ರ ಪರವಾಗಿಲ್ಲ, ಮಾತು ಅರ್ಧ ಸೆಕೆಂಡ್ ಹಿಂದೆ. ತುಟಿ ಮುಗಿದ ಮೇಲೆ ದನಿ ಬರುತ್ತೆ. ಹಾಸ್ಯ ಅಂದ್ರೆ ಟೈಮಿಂಗ್ ಅಲ್ವಾ? ವಠಾರದ ಜಗಳದಲ್ಲಿ ಅವರು ಥಟ್ ಅಂತ ಕೊಡುವ ಉತ್ತರ ಇಲ್ಲಿ ನಿಧಾನಕ್ಕೆ ನಡೆದುಕೊಂಡು ಬರುತ್ತೆ.

ಅಂದಹಾಗೆ, ಈ ಎರಡನ್ನೂ ಒಂದೇ ವಾರದಲ್ಲಿ ನೋಡಿದ್ದಕ್ಕೆ ಒಂದು ವಿಷಯ ಹೊಳೆಯಿತು. ಎರಡರಲ್ಲೂ ಅವರು ಪ್ರೀತಿಸುವುದು ಮುಖ ನೋಡದ ಒಂದು ದನಿಯನ್ನು. 1990ರಲ್ಲಿ ರೇಡಿಯೋದಲ್ಲಿ ಹಾಡುವ ಹುಡುಗಿ, 1995ರಲ್ಲಿ ಫೋನಿನ ಹುಡುಗಿ. ಮೊದಲನೆಯದರಲ್ಲಿ ಆ ಹುಚ್ಚು ನೋಡಿ ನಗು ಬರುತ್ತೆ, ಎರಡನೆಯದರಲ್ಲಿ ಅದೇ ಹುಚ್ಚು ಎದೆ ಹಿಂಡುತ್ತೆ. ಕಿವಿಗೊಟ್ಟು ಕೇಳುವುದನ್ನೇ ನಟನೆ ಮಾಡಿದವರು ಕನ್ನಡದಲ್ಲಿ ಇನ್ನೊಬ್ಬರು ನನಗಂತೂ ಸಿಕ್ಕಿಲ್ಲ. ಅಂಥವರ ಸಿನಿಮಾಗೆ ಇಂಥ ಆಡಿಯೋ.

ಒಳ್ಳೆಯದೂ ಇದೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಕನ್ನಡಿಯ ಹಾಗಿದೆ. ಮರೆವಿನ ಕಾಯಿಲೆಯ ವೆಂಕೋಬ್ ರಾವ್ ಕಣ್ಣಲ್ಲಿ ನೆನಪು ಬಂದು ಜಾರುವುದು ನಿಚ್ಚಳವಾಗಿ ಕಾಣುತ್ತೆ. ದೆವ್ವದ ಸಿನಿಮಾ 'ನಾ ನಿನ್ನ ಬಿಡಲಾರೆ' ಕೂಡ ಇದೆ, ಗೆರೆ ಗೆರೆ ಕಾಪಿ, ಆದರೆ ಪೂರ್ತಿ ಚೌಕಟ್ಟು ಬಿಟ್ಟಿದ್ದಾರೆ, ಪುಣ್ಯ. ಅಮ್ಮ ಇವತ್ತಿಗೂ ಅದನ್ನು ರಾತ್ರಿ ನೋಡಲ್ಲ. ನನಗೆ ಬೇಕಿದ್ದ 'ಹಂಸಗೀತೆ' ಮಾತ್ರ ಇಲ್ಲವೇ ಇಲ್ಲ. 1975ರ ಆ ಚಿತ್ರ ಬಿಟ್ಟು ಅನಂತ್ ನಾಗ್ ಪಟ್ಟಿ ಮಾಡೋದು ಅಂದ್ರೆ ಹೋಳಿಗೆ ಇಲ್ಲದ ಯುಗಾದಿ ಊಟ. 2025ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ಆ್ಯಪಿನ ಮುಖಪುಟದಲ್ಲಿ ದೊಡ್ಡ ಅಭಿನಂದನೆ ಹಾಕಿದ್ದರು. ಫೋಟೋದಲ್ಲಿ ಹಣೆ ಪೂರ್ತಿ ಇತ್ತು.

ದೂರು ಬರೆದೆ. 'ನಿಮ್ಮ ಇಂಟರ್ನೆಟ್ ವೇಗ ಪರೀಕ್ಷಿಸಿ' ಅಂತ ಉತ್ತರ ಬಂತು. ಇಂಟರ್ನೆಟ್ ಜೋರಾಗಿದ್ದರೆ ಕತ್ತರಿಸಿದ ಹಣೆ ಬೆಳೆಯುತ್ತಾ? ಎರಡನೇ ಸಲ ಫೋಟೋ ತೆಗೆದು ಕಳಿಸಿದೆ, ಅದಕ್ಕೆ ಉತ್ತರವೇ ಇಲ್ಲ.

ಹೊಸ ಸಿನಿಮಾ ನೋಡೋರಿಗೆ ಅಡ್ಡಿಯಿಲ್ಲ, ತಗೊಳ್ಳಿ. ನನ್ನ ಥರದವರು ಒಂದು ತಿಂಗಳ ಚಂದಾ ಹಾಕಿ ನೋಡಿ, ವರ್ಷದ್ದು ಬೇಡ. ನಾನೂ ಬಿಡೋಣ ಅಂತಲೇ ಇದ್ದೆ. ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ನಾನು ಹಾಲ್‌ನಲ್ಲಿ 'ಗಣೇಶನ ಮದುವೆ' ಹಾಕಿ ಸಿಂಕ್ ಸರಿಯಿಲ್ಲ ಅಂತ ಗೊಣಗುತ್ತಿದ್ದೆ. ಅವಳಿಗೆ ಟಿವಿ ಕಾಣುತ್ತಿರಲಿಲ್ಲ. ಪ್ರತಿ ಮಾತಿಗೂ ಸರಿಯಾದ ಜಾಗದಲ್ಲೇ ನಗುತ್ತಿದ್ದಳು.