ಕೊಡಗಿನ ಮಳೆಗೆ ಮೆಟಲ್ ಬ್ರೇಕ್ ಪ್ಯಾಡ್: ಕಿರುಚುತ್ತವೆ, ಆದರೆ ಹಿಡಿಯುತ್ತವೆ

ಮುಂಗಾರಿನಲ್ಲಿ ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ಮೌಂಟನ್ ಬೈಕ್ ಓಡಿಸುವುದಾದರೆ ರೆಸಿನ್ ಪ್ಯಾಡ್ (ರಾಳದಿಂದ ಬೆಸೆದ ಮೆತ್ತಗಿನ ಬ್ರೇಕ್ ಪ್ಯಾಡ್) ನೆಚ್ಚಿಕೊಳ್ಳಬೇಡಿ. ಮಾಂದಲಪಟ್ಟಿ ಕಡೆಯಂಥ ಉದ್ದ ಇಳಿಜಾರಿನಲ್ಲಿ ಕೆಸರಿನೊಳಗಿನ ಮರಳು ಚಕ್ರದ ಜೊತೆ ತಿರುಗುವ ಲೋಹದ ಡಿಸ್ಕ್‌ಗೂ ಅದನ್ನು ಹಿಡಿಯುವ ಪ್ಯಾಡ್‌ಗೂ ನಡುವೆ ಸಿಕ್ಕಿ ಉಜ್ಜುತ್ತದೆ. ಜಡಿಮಳೆಯಿದ್ದರೆ ರೆಸಿನ್ ಒಂದೇ ದಿನದಲ್ಲಿ ಹಿಂಬದಿ ತಗಡಿನವರೆಗೆ ಸವೆದದ್ದೂ ಉಂಟು.

ಲೋಹದ ಪುಡಿ ಬೆಸೆದು ಮಾಡಿದ ಮೆಟಲ್ ಪ್ಯಾಡ್ ಇಲ್ಲಿ ಹೆಚ್ಚು ಬಾಳುತ್ತದೆ, ಕಾದಾಗಲೂ ಹಿಡಿತ ಬಿಡುವುದಿಲ್ಲ. ತಣ್ಣಗಿದ್ದಾಗ ಮೊದಲ ಹಿಡಿತ ಸ್ವಲ್ಪ ಮಂದ. ಒದ್ದೆಯಾದರಂತೂ ಕಿರುಚಾಟ ಪಕ್ಕದ ತೋಟಕ್ಕೂ ಕೇಳುತ್ತದೆ. ಅದು ಕೆಟ್ಟಿದೆ ಎಂದಲ್ಲ.

ಕೊಳ್ಳುವ ಮೊದಲು ಡಿಸ್ಕ್ ಮೇಲಿನ ಬರಹ ಓದಿ. ‘ರೆಸಿನ್ ಪ್ಯಾಡ್ ಓನ್ಲಿ’ ಎಂದಿದ್ದರೆ ಡಿಸ್ಕ್ ಕೂಡ ಬದಲಿಸಬೇಕು, ಇಲ್ಲದಿದ್ದರೆ ಅದು ಬೇಗ ಸವೆಯುತ್ತದೆ. ಹಾಕುವಾಗ ಪಿಸ್ಟನ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಸುತ್ತಲಿನ ಕೆಸರು ಒರೆಸಿದ ಮೇಲಷ್ಟೇ ಅದನ್ನು ಒಳಗೆ ಒತ್ತಿ. ಕೊಳೆಯೊಂದಿಗೆ ಒತ್ತಿದರೆ ಸೀಲ್ ಹಾಳು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ನಂತರ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲೆಂದು ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ ಬ್ರೇಕ್ ಹಿಡಿದು, 20 ಸಲ ಇಳಿಸಿ. ಈ ಹಂತ ಬಿಟ್ಟವರೇ ‘ಹೊಸ ಪ್ಯಾಡ್ ಹಿಡಿಯುತ್ತಿಲ್ಲ’ ಎನ್ನುವುದು.

ಸವಾರಿ ಮುಗಿಸಿ ಚೈನ್‌ಗೆ ಸ್ಪ್ರೇ ಹೊಡೆಯುವಾಗ ಡಿಸ್ಕ್ ಮುಚ್ಚಿಕೊಳ್ಳಿ. ಎಣ್ಣೆ ಹೀರಿದ ಪ್ಯಾಡ್ ಮರಳಿ ಸರಿಹೋಗುವುದು ಅಪರೂಪ. ಉಜ್ಜುವ ಪದರ 1 ಮಿ.ಮೀ. ಹತ್ತಿರ ಬಂದಿದ್ದರೆ ಮಡಿಕೇರಿ ಬಿಡುವ ಮೊದಲೇ ಬದಲಿಸಿ, ಬ್ಯಾಗಿನಲ್ಲೂ ಒಂದು ಜೋಡಿ ಇರಲಿ.