ಬೋರ್ಡೊ ಕೆಂಪು ವೈನ್: ಎಡದಂಡೆಯೋ, ಬಲದಂಡೆಯೋ?

ಫ್ರಾನ್ಸಿನ ಬೋರ್ಡೊ ಪ್ರದೇಶದ ವೈನ್ ಬಾಟಲಿ ಕೊಳ್ಳುವ ಮೊದಲು ಅದು ನೀರಿನ ಯಾವ ದಂಡೆಯದು ಅಂತ ನೋಡಿ. ಗರೋನ್, ದೋರ್ದೋನ್ ನದಿಗಳು ಸೇರಿ ಜಿರೋಂದ್ ಅಳಿವೆಯಾಗುತ್ತದೆ. ರುಚಿ ಮಾತ್ರ ಅಲ್ಲಿ ಎರಡಾಗುತ್ತದೆ.

ಎಡದಂಡೆಯ ಮೆಡಾಕ್‌ನಲ್ಲಿ ನೆಲದ ತುಂಬ ಬೆಣಚುಕಲ್ಲು. ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿಯನ್ನು ಕಲ್ಲು ಹಿಡಿದಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಗೆ ಇದೇ ಬೇಕು. ಪೊಯಾಕ್ ಊರಿನ ವೈನಿನಲ್ಲಿ ಕಪ್ಪು ಕರಂಟ್ ಹಣ್ಣು, ಸೀಡರ್ ಮರದ ಪರಿಮಳ. ವೈನ್ ಎಳೆಯದಾಗಿದ್ದಾಗ ಒಗರು ಜಾಸ್ತಿ, ಹಸಿ ಅಡಿಕೆ ಜಗಿದಂತೆ ಬಾಯಿ ಹಿಡಿಯುತ್ತದೆ. ಒಳ್ಳೆಯ ಬಾಟಲಿಯಾದರೆ 10-15 ವರ್ಷ ಇಡಿ. ಆ ಒಗರು ಮೆತ್ತಗಾದ ಮೇಲಿನ ಸೊಗಸಿಗೆ ನಾನಂತೂ ಮನಸೋತಿದ್ದೇನೆ.

ಬಲದಂಡೆಯಲ್ಲಿ ಮೆರ್ಲೋ ದ್ರಾಕ್ಷಿಯದೇ ಮೇಲುಗೈ. ಪೊಮೆರೋಲ್‌ನಲ್ಲಿ ಜೇಡಿಮಣ್ಣು, ಸೇಂತ್ ಎಮಿಲಿಯೋಂನಲ್ಲಿ ಸುಣ್ಣದಕಲ್ಲು. ಪ್ಲಮ್ ಹಣ್ಣಿನ ರುಚಿ, ಮೃದು, ಬೇಗ ಕುಡಿಯಬಹುದು.

ಬೋರ್ಡೊ ವೈನ್‌ಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲಿ ಕೆಂಪು ವೈನ್‌ಗಳ ಪೈಕಿ ಬಲದಂಡೆಯ ಒಂದು ಹೆಸರೂ ಇಲ್ಲ. ಅಷ್ಟಕ್ಕೇ ಅದನ್ನು ಕಡಿಮೆ ಅನ್ನಬೇಡಿ. ಬಲು ದುಬಾರಿಯಾದ ಪೆತ್ರೂಸ್ ವೈನ್ ಪೊಮೆರೋಲ್‌ನದೇ ಅಲ್ವಾ?

ಇವತ್ತೇ ತೆರೆಯುವುದಾದರೆ, ಅಥವಾ ಕೆಂಪು ವೈನ್ ನಿಮಗೆ ಹೊಸದಾದರೆ, ಬಲದಂಡೆಯದು ತೆಗೆದುಕೊಳ್ಳಿ. ಕೆಂಡದಲ್ಲಿ ಸುಟ್ಟ ಕುರಿ ಮಾಂಸದ ಜೊತೆಗಾದರೆ ಎಡದಂಡೆಯದು. ವೈನ್ ಎಳೆಯದಾಗಿದ್ದರೆ ಒಂದು ಗಂಟೆ ಮೊದಲೇ ಅಗಲ ಬಾಯಿಯ ಹೂಜಿಗೆ ಸುರಿದಿಡಿ.