ಮಾರ್ಟಿ ರಿಪೋರ್ಟ್: ಅರ್ಧಕ್ಕೆ ನಿಂತ ಮಸ್ಟಾಂಗ್ ಮಾರಲು ನನಗೆ ಆಸರೆಯಾದ ಕಾಗದ

ಕಳೆದ ಅಕ್ಟೋಬರಿನಲ್ಲಿ ನನ್ನ 1969ರ ಫೋರ್ಡ್ ಮಸ್ಟಾಂಗ್ ಮಾರಿದೆ. ಓಡುವ ಕಾರಲ್ಲ. ಬಾಡಿ ಚಕ್ರದ ಮೇಲೆ, ಎಂಜಿನ್ ಸ್ಟ್ಯಾಂಡಿನ ಮೇಲೆ, ಉಳಿದದ್ದೆಲ್ಲ ಡಬ್ಬಗಳಲ್ಲಿ. ಮಿಶಿಗನ್‌ನ ಕ್ಯಾಂಟನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಏಳು ವರ್ಷ ಹಾಗೇ ಇತ್ತು. ಭುಜದ ಆಪರೇಷನ್ ಆದ ಮೇಲೆ ಕಾರಿನ ಕೆಳಗೆ ಮಲಗಿ, ಕೈ ಎತ್ತಿ ವೆಲ್ಡಿಂಗ್ ಮಾಡುವುದು ನನ್ನಿಂದ ಆಗಲಿಲ್ಲ. ಒಂದು ವರ್ಷ ಕಾದೆ. ಆಮೇಲೆ ಮಾರೋಣ ಅಂತ ಹೆಂಡತಿಗೆ ನಾನೇ ಹೇಳಿದೆ.

ಮೊದಲು ಕಾರನ್ನು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಂಗಡಿಗೆ ಕೊಟ್ಟೆ. 25,000 ಡಾಲರ್ ಬರುತ್ತದೆ ಅಂದರು. ನನ್ನನ್ನು ಒಂದು ಮಾತೂ ಕೇಳದೆ ಜಾಹೀರಾತಿನಲ್ಲಿ 'ಒರಿಜಿನಲ್ ಎಂಜಿನ್' ಅಂತ ಬರೆದುಬಿಟ್ಟರು. ಇಂಡಿಯಾನಾದಿಂದ ಒಬ್ಬರು ಅಷ್ಟು ದೂರ ಬಂದು, ಎಂಜಿನ್ ಬ್ಲಾಕಿನ ಮೇಲಿನ ಎರಕದ ತಾರೀಖು ನೋಡಿ, ಸಿಟ್ಟಿನಿಂದ ವಾಪಸ್ ಹೋದರು. ಆ ತಾರೀಖು ಕಾರಿಗಿಂತ ಈಚಿನದು. ಅವರ ಸಿಟ್ಟು ನ್ಯಾಯವಾದದ್ದೇ. ಮೂರು ತಿಂಗಳಾದ ಮೇಲೆ ಕಾರನ್ನು ಮನೆಗೆ ತಂದೆ.

ಇನ್ನೊಂದು ತೊಡಕೂ ಇತ್ತು. ನನ್ನದು ಮ್ಯಾಕ್ 1, ಅಂದರೆ ಮಸ್ಟಾಂಗ್‌ನಲ್ಲೇ ಹೆಚ್ಚು ಬೇಡಿಕೆಯ ಸ್ಪೋರ್ಟಿ ಮಾಡೆಲ್ ಅಂತ ಹಳೆಯ ಮಾಲೀಕರು ಹೇಳಿ ಮಾರಿದ್ದರು. ಆದರೆ 1969ರ ಮಸ್ಟಾಂಗ್‌ನಲ್ಲಿ ಕಾರ್ಖಾನೆಯಲ್ಲೇ ಕೊಟ್ಟ ಗಾಡಿ ನಂಬರ್ (ವಿಐಎನ್) ನೋಡಿ ಅದನ್ನು ಹೇಳಲಾಗದು. ನನ್ನ ಕಾರಿನ ನಂಬರ್ ಶುರುವಾಗುವುದು 9ಎಫ್02ಎಚ್ ಅಂತ. 9 ಅಂದರೆ 1969. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಎಚ್ ಅಂದರೆ 351 ಕ್ಯೂಬಿಕ್ ಇಂಚಿನ ಎಂಜಿನ್, ಎರಡು ಬ್ಯಾರಲ್ ಕಾರ್ಬ್ಯುರೇಟರ್. 02 ಅಂದರೆ ಹಿಂಭಾಗ ಇಳಿಜಾರಾಗಿರುವ ಬಾಡಿ. ಮ್ಯಾಕ್ 1ಕ್ಕೂ 02, ಅದೇ ಆಕಾರದ ಸಾದಾ ಮಸ್ಟಾಂಗ್‌ಗೂ 02. ವ್ಯತ್ಯಾಸ ಗೊತ್ತಾಗುವುದು ಡ್ರೈವರ್ ಬಾಗಿಲಿನ ಅಂಚಿಗೆ ರಿವೆಟ್ ಹೊಡೆದ ಪುಟ್ಟ ತಗಡಿನಿಂದ. ಮ್ಯಾಕ್ 1 ಆದರೆ ಅದರ ಮೇಲೆ 63ಸಿ ಅಂತ ಇರುತ್ತದೆ. ನನ್ನ ಕಾರಿನ ಬಾಗಿಲನ್ನು ಯಾವಾಗಲೋ ಯಾರೋ ಬದಲಾಯಿಸಿದ್ದರು. ತಗಡೇ ಇರಲಿಲ್ಲ. ಸಾದಾ ಕಾರಿಗೆ ಬಣ್ಣದ ಪಟ್ಟೆ ಅಂಟಿಸಿ ಮ್ಯಾಕ್ 1 ಅಂತ ಮಾರುವವರು ಇದ್ದಾರೆ. ಕೊಳ್ಳುವವರಿಗೆ ಅನುಮಾನ ಬರದೆ ಇರುತ್ತಾ?

ಆಗ ತರಿಸಿದ್ದು ಮಾರ್ಟಿ ರಿಪೋರ್ಟ್. ಅರಿಜೋನಾದ ಮಾರ್ಟಿ ಆಟೋ ವರ್ಕ್ಸ್ ಇದನ್ನು ಕೊಡುತ್ತದೆ. 1967ರಿಂದ ಮುಂದಿನ ಕಾರುಗಳ ಕಾರ್ಖಾನೆ ದಾಖಲೆ ಬಳಸಲು ಅವರಿಗೆ ಫೋರ್ಡ್ ಕಂಪನಿಯ ಲೈಸೆನ್ಸ್ ಇದೆ. ಗಾಡಿ ನಂಬರ್ ಕೊಟ್ಟರೆ ಸಾಕು. ಮೂರು ದರ್ಜೆಗಳಿವೆ: ಸ್ಟ್ಯಾಂಡರ್ಡ್, ಡೀಲಕ್ಸ್, ಎಲೈಟ್. ನಾನು ಡೀಲಕ್ಸ್ ತೆಗೆದುಕೊಂಡೆ, ಏಕೆಂದರೆ ಅದರಲ್ಲಿ ಬಾಗಿಲಿನ ತಗಡು ಹೇಗಿತ್ತು ಅಂತ ಚಿತ್ರವೇ ಇರುತ್ತದೆ. ಕಾರು ತಯಾರಾದ ದಿನ, ಮಾರಾಟವಾದ ದಿನ, ಡೀಲರ್ ಹೆಸರು ಎಲ್ಲ ಬರುತ್ತವೆ. ಮಾರುವವರಿಗೆ ಇಷ್ಟು ಸಾಕು. ಎಲೈಟ್ ಬೇಕಾಗುವುದು ಮುಗಿದ ಕಾರನ್ನು ಪ್ರದರ್ಶನಕ್ಕೆ ಇಡುವವರಿಗೆ.

ರಿಪೋರ್ಟ್ ತೆರೆದಾಗ ಎದೆ ಹೊಡೆದುಕೊಳ್ಳುತ್ತಿತ್ತು. 63ಸಿ. ನಿಜವಾದ ಮ್ಯಾಕ್ 1! ಮಾರ್ಚ್ 1969ರಲ್ಲಿ ತಯಾರಾಗಿ, ಒಹಾಯೋದ ಒಬ್ಬ ಡೀಲರ್ ಹತ್ತಿರ ಮಾರಾಟವಾಗಿತ್ತು. ಆದರೆ ಕಾರು ಹುಟ್ಟಿದ್ದು ಆಟೋಮ್ಯಾಟಿಕ್ ಗೇರಿನ ಜೊತೆ, ನನ್ನ ಹತ್ತಿರ ಇದ್ದದ್ದು ಫೋರ್ ಸ್ಪೀಡ್ ಮ್ಯಾನುಯಲ್. ಬಣ್ಣ ಗಲ್ಫ್‌ಸ್ಟ್ರೀಮ್ ಆಕ್ವಾ, ಅಂದರೆ ನೀಲಿ-ಹಸಿರು. ನಾನು ಏಳು ವರ್ಷ ಕೆಂಪು ಅಂತಲೇ ನಂಬಿ ಕ್ಯಾಂಡಿಆ್ಯಪಲ್ ರೆಡ್ ಪೇಂಟನ್ನೂ ಕೊಂಡಿಟ್ಟಿದ್ದೆ. ಕೊಳ್ಳುವ ದಿನವೇ ಇದನ್ನು ತರಿಸಬೇಕಿತ್ತು.

ಒಂದು ಮಾತು ನೆನಪಿಡಿ. ಕಾರು ಕಾರ್ಖಾನೆಯಿಂದ ಹೇಗೆ ಹೊರಬಂತು ಅನ್ನುವುದನ್ನು ಮಾತ್ರ ಇದು ಹೇಳುತ್ತದೆ. ಆಮೇಲೆ ಐವತ್ತು ವರ್ಷ ಅದಕ್ಕೇನಾಯಿತು, ಈಗಿರುವ ಎಂಜಿನ್ ಅದರದ್ದೇನಾ, ತುಕ್ಕು ಎಲ್ಲಿದೆ ಅನ್ನುವುದು ನಿಮ್ಮ ಕೆಲಸ. ಫೋರ್ಡ್, ಮರ್ಕ್ಯುರಿ, ಲಿಂಕನ್ ಕಾರುಗಳಿಗೆ ಮಾತ್ರ ಸಿಗುತ್ತದೆ. ಪಾಂಟಿಯಾಕ್ ಇರುವವರಿಗೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಅಂತ ಇಂಥದ್ದೇ ಸೇವೆ ಇದೆ. ಶೆವರ್ಲೆ ಇಟ್ಟುಕೊಂಡಿರುವ ನನ್ನ ಗೆಳೆಯ ಮಾತ್ರ ಸೀಟಿನ ಸ್ಪ್ರಿಂಗಿನೊಳಗೆ ಹಳೆಯ ಬಿಲ್ಡ್ ಶೀಟ್, ಅಂದರೆ ಕಾರು ಜೋಡಿಸುವಾಗ ಕಾರ್ಖಾನೆಯವರು ಬಳಸಿದ ಭಾಗಗಳ ಚೀಟಿ, ಸಿಕ್ಕೀತೇನೋ ಅಂತ ಹುಡುಕುತ್ತಿದ್ದಾನೆ.

ರಿಪೋರ್ಟನ್ನು ಜೊತೆಗಿಟ್ಟು ಜಾಹೀರಾತನ್ನು ನಾನೇ ಬರೆದು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೆ ಹಾಕಿದೆ. ಅದರಲ್ಲಿ ಬರೆದದ್ದು ಇಷ್ಟು: ಎಂಜಿನ್ ಬೇರೆ ಕಾರಿನದು. ಗೇರ್‌ಬಾಕ್ಸ್ ಬದಲಾಗಿದೆ. ಡ್ರೈವರ್ ಕಡೆ ಫ್ಲೋರ್ ಹೊಸ ಶೀಟು, ವೆಲ್ಡಿಂಗ್ ನನ್ನದೇ, ಫೋಟೋ ಇದೆ. ಗಾಜಿನ ಬುಡದ ಕೌಲ್ ಸೋರುತ್ತದೆ. ಬೋಲ್ಟುಗಳು 41 ಚೀಲಗಳಲ್ಲಿವೆ, ಚೀಟಿ ಅಂಟಿಸಿದೆ. ಇಲ್ಲದ ಭಾಗಗಳ ಪಟ್ಟಿ ಬೇರೆ.

ಟೊಲೀಡೊದಿಂದ ಒಬ್ಬ ಹಿರಿಯರು ಬಂದರು. ರಿಟೈರ್ ಆದ ವೆಲ್ಡರ್. ರಿಪೋರ್ಟನ್ನು ಎರಡು ಸಲ ಓದಿ, ಅದರ ನಂಬರನ್ನು ಡ್ಯಾಶ್‌ಬೋರ್ಡಿನ ನಂಬರಿನೊಂದಿಗೆ ಬೆರಳಿಟ್ಟು ಹೋಲಿಸಿದರು. ಬಾನೆಟ್ ಕೆಳಗೆ ಫೆಂಡರ್ ಒಳಮೈಯಲ್ಲಿ ಕೊರೆದದ್ದನ್ನೂ ಟಾರ್ಚ್ ಹಿಡಿದು ನೋಡಿದರು. ಆಮೇಲೆ ಒಂದು ಬಕೆಟ್ ನೀರು ಕೇಳಿದರು. ಗಾಜಿನ ಮುಂದಿನ ಜಾಲರಿಯಲ್ಲಿ ಸುರಿದು, ಒಳಗೆ ಬಗ್ಗಿ ಕಾದರು. ಹಳೆಯ ಮಸ್ಟಾಂಗ್ ಗೊತ್ತಿರುವವರು ಮಾಡುವ ಮೊದಲ ಪರೀಕ್ಷೆ ಇದು. ಪಕ್ಕದ ಸೀಟಿನ ಕಾಲಿಡುವ ಜಾಗಕ್ಕೆ ತೊಟ್ಟಿಕ್ಕಿತು. "ನೀವು ಬರೆದ ಹಾಗೇ ಇದೆ" ಅಂದರು. ಆ ಮಾತು ಕೇಳಿ ನನಗೆ ಆದ ಸಮಾಧಾನ ದುಡ್ಡು ಎಣಿಸುವಾಗಲೂ ಆಗಲಿಲ್ಲ.

17,000ಕ್ಕೆ ಮಾತು ಮುಗಿಯಿತು. ಕಾರಿಗೆ 14,500 ಕೊಟ್ಟಿದ್ದೆ, ಬಿಡಿಭಾಗಗಳಿಗೆ 11,000 ಹಾಕಿದ್ದೆ. ಲೆಕ್ಕ ನೀವೇ ಮಾಡಿ. ಅರ್ಧಂಬರ್ಧ ಕಾರಿನಲ್ಲಿ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ, ಅದಕ್ಕೆ ರಿಪೋರ್ಟೂ ಏನೂ ಮಾಡಲಾಗದು. ಇಬ್ಬರೂ ಒಟ್ಟಿಗೆ ಹೋಗಿ ಟೈಟಲ್ (ಮಾಲೀಕತ್ವದ ಕಾಗದ) ವರ್ಗಾವಣೆ ಮುಗಿಸಿದೆವು.

ಟ್ರೇಲರ್‌ಗೆ ಹತ್ತಿಸುವಾಗ ಚೀಲಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟೆ. ಕಾರಿಗೆ ಹುಟ್ಟಿದ ಬಣ್ಣವನ್ನೇ ಹೊಡೆಸುತ್ತೇನೆ ಅಂದರು, ಕೆಂಪು ಪೇಂಟ್ ಬೇಡವೆಂದರು. ಆ ಡಬ್ಬಗಳು ಇನ್ನೂ ಗ್ಯಾರೇಜಿನ ಶೆಲ್ಫಿನಲ್ಲೇ ಇವೆ.